ಮಾವನನ್ನು ನೋಡಿಕೊಳ್ಳೋದರಲ್ಲಿ ಸಂಶೋಧನೆ ಏನಿದೆ?

ವಯಸ್ಸಾದವರನ್ನು ಮನೆಯಲ್ಲೇ ನೋಡಿಕೊಳ್ಳುವವರ ಬಗ್ಗೆ ಸಂಶೋಧನೆ ಮಾಡ್ತಿದ್ದೀನಿ ಅಂದರೆ ಕೋಲಾರದ ನೆಂಟರು ಕೇಳೋದು ಒಂದೇ: "ಅದರಲ್ಲಿ ಓದೋದೇನಮ್ಮ? ಮನೆ ಅಂದಮೇಲೆ ಮಾಡಲೇಬೇಕಲ್ವಾ?"

ಮಾಡಲೇಬೇಕು, ಸರಿ. ಆದರೆ ಯಾರು, ಎಷ್ಟು ಹೊತ್ತು? ಶ್ರೀನಿವಾಸಪುರ ತಾಲ್ಲೂಕಿನ ಒಂದು ಮನೆಯಲ್ಲಿ ಸೊಸೆಯನ್ನು ಇದನ್ನೇ ಕೇಳಿದೆ. ಮಾವನಿಗೆ ಲಕ್ವ ಹೊಡೆದು ಎರಡು ವರ್ಷವಾಗಿತ್ತು. "ನಾನೇನು ಮಾಡ್ತೀನಿ, ಮನೇಲೇ ಇರ್ತೀನಲ್ಲ" ಅಂದರು. ಬೆಳಗಿನಿಂದ ಒಂದೊಂದೇ ಕೇಳಿ ಬರೆದುಕೊಂಡೆ. ಐದಕ್ಕೆ ಎದ್ದು ಮಾವನ ಬಟ್ಟೆ ಬದಲಿಸೋದು. ಡೈರಿಗೆ ಹಾಲು ಹಾಕಿ ಬಂದು ಮೈ ಒರೆಸೋದು. ಮುದ್ದೆ ನುಂಗೋಕಾಗಲ್ಲ, ಅದಕ್ಕೇ ರಾಗಿ ಗಂಜಿ. ಚಮಚದಲ್ಲಿ ಕುಡಿಸೋಕೆ ಒಂದು ಲೋಟಕ್ಕೆ ಅರ್ಧ ಗಂಟೆ. ಬೆನ್ನು ಹುಣ್ಣಾಗದ ಹಾಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸೋದು, ರಾತ್ರಿನೂ. ಎಲ್ಲ ಕೂಡಿದರೆ ಒಂಬತ್ತು ಗಂಟೆ ಆಯಿತು. ಆಕೆ ಹಾಳೆ ಇಸ್ಕೊಂಡು ತುಂಬಾ ಹೊತ್ತು ನೋಡಿದರು.

ಆರೈಕೆ ಮಾಡುವವರ ಹೊರೆ ಅಳೆಯೋಕೆ ಜಾರಿಟ್ ಪಟ್ಟಿ ಅಂತ ಇದೆ, 22 ಪ್ರಶ್ನೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದನ್ನು ತೆಲುಗಿನಲ್ಲೇ ಕೇಳಬೇಕು. "ಇನ್ನೂ ಜಾಸ್ತಿ ಮಾಡಬೇಕು ಅನ್ನಿಸುತ್ತಾ?" ಅನ್ನೋದೂ ಅದರಲ್ಲಿದೆ. ಒಂಬತ್ತು ಗಂಟೆ ದುಡಿಯುವ ಆಕೆ ತಕ್ಷಣ ಹೌದು ಅಂದರು. ನನಗೆ ಪೆನ್ನು ಓಡಲಿಲ್ಲ.

ಇದು ಬರೀ ಸುಸ್ತಿನ ಮಾತಲ್ಲ. 1999ರಲ್ಲಿ ಅಮೆರಿಕದ ಒಂದು ಅಧ್ಯಯನ ಹೊರಬಂತು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಾ ಬಳಲಿದ್ದ ಹಿರಿಯರು ನಾಲ್ಕು ವರ್ಷದೊಳಗೆ ಸಾಯುವ ಅಪಾಯ, ಆ ಹೊಣೆ ಇಲ್ಲದವರಿಗಿಂತ 63% ಜಾಸ್ತಿ ಇತ್ತು. ನಮ್ಮ ಶ್ರೀನಿವಾಸಪುರದಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು, ವಯಸ್ಸಾದಂತೆ ಮೆದುಳು ಹೇಗೆ ಬದಲಾಗುತ್ತೆ ಅಂತ ನೋಡುತ್ತಿದ್ದಾರೆ. ಮಂಚದ ಪಕ್ಕ ಕೂತವರ ಕಡೆಗೂ ಅಷ್ಟೇ ತಾಳ್ಮೆಯಿಂದ ನೋಡಬೇಕು ಅನ್ನೋದು ನನ್ನ ಆಸೆ.

ಸಹಾಯ ಇಲ್ಲವೇ ಇಲ್ಲ ಅಂತಲ್ಲ. ಹಿರಿಯರ ಸಹಾಯವಾಣಿ 14567 ಇದೆ. ಮಕ್ಕಳು ನೋಡದಿದ್ದರೆ ಜೀವನಾಂಶ ಕೇಳೋಕೆ 2007ರ ಕಾಯ್ದೆ ಇದೆ. ಆದರೆ ನೋಡಿಕೊಳ್ಳುತ್ತಲೇ ಇರುವ ಸೊಸೆಗೆ? ಏನು ಸಹಾಯ ಬೇಕು ಅಂತ ಕೊನೆಗೆ ಕೇಳಿದೆ. ದುಡ್ಡು ಕೇಳಲಿಲ್ಲ. "ವಾರಕ್ಕೊಂದು ಸಲ ಎರಡು ಗಂಟೆ ಯಾರಾದ್ರೂ ಮಾವನ ಹತ್ರ ಕೂತ್ಕೊಂಡ್ರೆ ಸಾಕು. ನನ್ನ ಬಿಪಿ ತೋರಿಸ್ಕೊಂಡು ಬರ್ತೀನಿ."