ವೆರಿಕೋಸ್ ವೇನ್ಸ್: ಬಿಗಿ ಕಾಲುಚೀಲ ಹಾಕುವ ಮುನ್ನ

ಕಾಲಿನ ನೀಲಿ ನರ ಹುರಿಯಂತೆ ಉಬ್ಬುವುದು ಅದರೊಳಗಿನ ಕವಾಟ ಸೋತಾಗ. ಮೇಲೇರಬೇಕಾದ ರಕ್ತ ಕೆಳಗೇ ನಿಲ್ಲುತ್ತದೆ. ಯಾವ ಕವಾಟ ಸೋರುತ್ತಿದೆ ಎಂಬುದು ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ. ಅಂಥ ನಾಳವನ್ನು ಲೇಸರ್‌ನಿಂದ ಮುಚ್ಚಬಹುದು.

ಕಂಪ್ರೆಷನ್ ಕಾಲುಚೀಲ (ಕಾಲನ್ನು ಒತ್ತಿ ಹಿಡಿಯುವ ಬಿಗಿ ಚೀಲ) ಉಬ್ಬನ್ನು ವಾಸಿಮಾಡದು, ಭಾರ ಮತ್ತು ಊತ ಇಳಿಸುತ್ತದೆ, ಅಷ್ಟೇ. ಅಳತೆ ಬೆಳಿಗ್ಗೆಯೇ ಕೊಡಿ. ಸಂಜೆ ಕಾಲು ಊದಿರುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲೇ ಹಾಕಿ, ರಾತ್ರಿ ತೆಗೆಯಿರಿ. ಉದ್ದ ಹೆಚ್ಚಾಯಿತೆಂದು ಮೇಲಂಚು ಮಡಚಿದರೆ ಅಲ್ಲೇ ಬಿಗಿ ಹೆಚ್ಚಿ ರಕ್ತ ತಡೆಯುತ್ತದೆ. ಸುಮಾರು 6 ತಿಂಗಳಿಗೆ ಚೀಲ ಸಡಿಲಾಗುತ್ತದೆ, ಬದಲಿಸಿ. ಸಕ್ಕರೆ ಕಾಯಿಲೆಯವರು, ಬೀಡಿ-ಸಿಗರೇಟು ಸೇದುವವರು ಮೊದಲು ಪಾದದ ನಾಡಿ ತೋರಿಸಲಿ: ಕಾಲಿಗೆ ರಕ್ತ ತರುವ ಧಮನಿ ಕಟ್ಟಿದ್ದರೆ ಬಿಗಿ ಚೀಲವೇ ಅಪಾಯ.

ಒಂದೇ ಕಾಲು ಹಠಾತ್ತನೆ ಊದಿ ನೋಯುತ್ತಿದ್ದರೆ ತಿಕ್ಕಬೇಡಿ. ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ತಕ್ಷಣ ಆಸ್ಪತ್ರೆಗೆ ಹೋಗಿ.