ಪುಟ್ಟ ಮಕ್ಕಳ ಪಿ.ಟಿ.: ಒಂದು ಟರ್ಮಿನ ಯೋಜನೆ ಹಾಕುವ ಬಗೆ

ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಪಿ.ಟಿ. ಯೋಜನೆ ಬರೆಯುವಾಗ ಆಟಗಳ ಪಟ್ಟಿಯಿಂದ ಶುರು ಮಾಡಬೇಡಿ. 'ಮೊದಲ ವಾರ ಮುಟ್ಟಾಟ, ಎರಡನೇ ವಾರ ರಿಲೇ, ಮೂರನೇ ವಾರ ಫುಟ್‌ಬಾಲ್' ಅಂತ ಬರೆದುಕೊಂಡರೆ ಟರ್ಮೇನೋ ಸಲೀಸಾಗಿ ತುಂಬುತ್ತದೆ. ಆದರೆ ಕೊನೆಗೆ ಯಾವ ಮಗು ಏನು ಕಲಿಯಿತು ಎಂದು ಯಾರಾದರೂ ಕೇಳಿದರೆ ಹೇಳಲು ಏನೂ ಇರುವುದಿಲ್ಲ. ಆರರಿಂದ ಎಂಟು ವರ್ಷದ ಮಕ್ಕಳಿಗೆ ಬೇಕಿರುವುದು ಆಟದ ನಿಯಮಗಳಲ್ಲ. ಓಡುವುದು, ಕುಂಟುವುದು, ಜಿಗಿದು ಇಳಿಯುವುದು, ಎಸೆಯುವುದು, ಹಿಡಿಯುವುದು, ಒದೆಯುವುದು, ಇವು ಬೇಕು. ಬೆಳೆಯುತ್ತಾ ಇವೆಲ್ಲ ತಾವಾಗಿಯೇ ಬರುತ್ತವೆ ಎಂದು ಬಹಳ ಜನ ನಂಬಿದ್ದಾರೆ. ಓಟ ಹೆಚ್ಚುಕಡಿಮೆ ಬರುತ್ತದೆ. ಎಸೆತ ಬರುವುದಿಲ್ಲ, ಅದನ್ನು ಯಾರಾದರೂ ಕಲಿಸಲೇಬೇಕು, ಮಗು ನೂರಾರು ಸಲ ಮಾಡಲೇಬೇಕು. ಅದಕ್ಕೇ ಯೋಜನೆಯ ಪ್ರತಿ ಸಾಲಿಗೂ ನಾನು ಕೇಳುವ ಪ್ರಶ್ನೆ ಒಂದೇ: ಈ ಪೀರಿಯಡ್‌ನಲ್ಲಿ ಒಂದೊಂದು ಮಗುವಿಗೆ ಎಷ್ಟು ಸರದಿ ಸಿಗುತ್ತದೆ?

ಮೊದಲು ಸಮಯದ ಲೆಕ್ಕ. ಟರ್ಮಿಗೆ 12 ವಾರ, ವಾರಕ್ಕೆ ಎರಡು ಪೀರಿಯಡ್ ಎಂದಿಟ್ಟುಕೊಳ್ಳಿ. ಕಾಗದದ ಮೇಲೆ 24. ರಜೆ, ಪರೀಕ್ಷೆ, ಕಾರ್ಯಕ್ರಮದ ತಾಲೀಮು, ಮಳೆ ಎಲ್ಲ ಕಳೆದರೆ 20 ಉಳಿದಾವು. ಯೋಜನೆಯನ್ನು 20ಕ್ಕೇ ಹಾಕಿ. ಪೀರಿಯಡ್ 40 ನಿಮಿಷದ್ದಾದರೆ ಮೈದಾನಕ್ಕೆ ಹೋಗಿ ಬರುವುದು, ಶೂ ಲೇಸ್ ಕಟ್ಟುವುದು, ನೀರು ಕುಡಿಯುವುದು ಇದಕ್ಕೆಲ್ಲ 10 ನಿಮಿಷ ಹೋಗುತ್ತದೆ. ಮಿಕ್ಕಿದ್ದು 30. ಅಂದರೆ ಇಡೀ ಟರ್ಮಿಗೆ ನಮ್ಮ ಕೈಗೆ ಸಿಗುವುದು 600 ನಿಮಿಷ, ಬರೀ ಹತ್ತು ಗಂಟೆ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬೆವರುವಂತೆ ಆಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ವಾರಕ್ಕೆರಡು ಪೀರಿಯಡ್‌ನಿಂದ ಅದು ತುಂಬುವ ಮಾತೇ ಇಲ್ಲ. ಮಿಕ್ಕ ಹೊತ್ತಿನಲ್ಲಿ ಮಗು ತಾನಾಗಿಯೇ ಆಡಲು ಬೇಕಾದ ಕೈಚಳಕ, ಕಾಲ್ಚಳಕ, ಧೈರ್ಯ ಕೊಡುವುದು ಪಿ.ಟಿ.ಯ ಕೆಲಸ. ಚೆಂಡು ಹಿಡಿಯಲು ಬಾರದ ಮಗು ಸಂಜೆ ಆಟಕ್ಕೆ ಸೇರುವುದೇ ಇಲ್ಲ.

ಹತ್ತು ಗಂಟೆಯಲ್ಲಿ ಎಲ್ಲವನ್ನೂ ಕಲಿಸಲು ಹೊರಟರೆ ಯಾವುದೂ ನಿಲ್ಲುವುದಿಲ್ಲ. ನಾಲ್ಕು ಕೌಶಲ ಸಾಕು: ಎಸೆಯುವುದು, ಜಿಗಿದು ಇಳಿಯುವುದು, ಹಿಡಿಯುವುದು, ಒದೆಯುವುದು. ಮೊದಲ ವಾರ ಮೈದಾನದ ಶಿಸ್ತಿಗೆ. 2ನೇ ವಾರ ಎಸೆತ, 3ರಲ್ಲಿ ಜಿಗಿತ, 4ರಲ್ಲಿ ಹಿಡಿತ, 5ರಲ್ಲಿ ಒದೆತ. 6ರಿಂದ 9ರವರೆಗೆ ಇದೇ ನಾಲ್ಕು, ಇದೇ ಕ್ರಮದಲ್ಲಿ, ಒಂದು ಮೆಟ್ಟಿಲು ಮೇಲಕ್ಕೆ. 10ನೇ ವಾರ ಎಲ್ಲವನ್ನೂ ಕಲಸಿದ ಆಟಗಳು. ಎಸೆತವನ್ನು ನಾಲ್ಕು ಪೀರಿಯಡ್ ಸತತವಾಗಿ ಮಾಡಿಸಿ ಕೈಬಿಡುವುದಕ್ಕಿಂತ ಎರಡು ಈಗ, ಉಳಿದೆರಡನ್ನು ಒಂದು ತಿಂಗಳ ನಂತರ ಮಾಡಿಸುವುದು ಒಳ್ಳೆಯದು. ಈ ನಡುವೆ ಮಕ್ಕಳು ಅರ್ಧ ಮರೆತಿರುತ್ತಾರೆ, ಮರೆತದ್ದನ್ನು ಮತ್ತೆ ಎತ್ತಿಕೊಂಡಾಗ ಅದು ಗಟ್ಟಿಯಾಗಿ ಕೂರುತ್ತದೆ. ಕುಂಟುವುದು, ಸಮತೋಲ, ಪಕ್ಕಕ್ಕೆ ಜಾರುವ ಹೆಜ್ಜೆ, ಕುದುರೆ ಓಟ, ಇವಕ್ಕೆ ಬೇರೆ ವಾರ ಬೇಡ. ಪ್ರತಿ ಪೀರಿಯಡ್‌ನ ಮೊದಲ ನಾಲ್ಕು ನಿಮಿಷ ಮೈ ಬಿಸಿ ಮಾಡುವಾಗಲೇ ಬಂದುಹೋಗಲಿ. ಒಂದು ಹೆಜ್ಜೆ, ಒಂದು ಕುಂಟು ಹಾಕುತ್ತಾ ಎರಡೂ ಕಾಲಿನಲ್ಲಿ ಮುಂದೆ ಹೋಗುವ ಸ್ಕಿಪ್ಪಿಂಗ್ ನಡಿಗೆ ಕೆಲವು ಮಕ್ಕಳಿಗೆ ಬರುವುದೇ ಇಲ್ಲ. ಅಂಥವರಿಗೆ ಅದನ್ನೇ ತಿದ್ದುತ್ತಾ ಕೂರಬೇಡಿ. ಬಹಳ ಸಲ ಅವರಿಗೆ ಒಂದು ಕಾಲಿನಲ್ಲಿ ಸರಿಯಾಗಿ ಕುಂಟಲು ಬರುತ್ತಿರುವುದಿಲ್ಲ. ಆ ಕಾಲಿನ ಕುಂಟು ಸರಿಹೋದರೆ ಇದೂ ಬರುತ್ತದೆ.

ಮೊದಲ ವಾರವನ್ನು ಶಿಸ್ತಿಗೆ ಬಿಡಲು ಹಲವರಿಗೆ ಮನಸ್ಸು ಬರುವುದಿಲ್ಲ. ಆದರೆ ಮುಂದೆ ಸಮಯ ಪೋಲಾಗುವುದು ಈ ಶಿಸ್ತು ಇಲ್ಲದಿದ್ದಾಗಲೇ. ಸೀಟಿ ಒಂದು ಸಲ ಊದಿದರೆ ಎಲ್ಲರೂ ಐದು ಸೆಕೆಂಡಿನೊಳಗೆ ನಿಲ್ಲಬೇಕು, ಚೆಂಡು ನೆಲದ ಮೇಲೆ, ಎರಡು ಪಾದದ ನಡುವೆ. ಇದನ್ನೇ ಆಟ ಮಾಡಿ: ಓಡು, ನಿಲ್ಲು, ನಡೆ, ನಿಲ್ಲು. ಸಾಮಾನನ್ನು ಒಂದೇ ಚೀಲದಲ್ಲಿ ಇಟ್ಟರೆ 30 ಮಕ್ಕಳೂ ಅದರ ಮೇಲೆ ಬೀಳುತ್ತಾರೆ. ನಾಲ್ಕು ಮೂಲೆಗೆ ಹಂಚಿಡಿ. ಜೊತೆಗಾರನನ್ನು ಹುಡುಕಿಕೊಳ್ಳಿ ಎಂದರೆ ಐದು ಎಣಿಸುವಷ್ಟರಲ್ಲಿ ಹತ್ತಿರ ಇದ್ದವರ ಪಕ್ಕ ನಿಲ್ಲುವುದು ಅಭ್ಯಾಸವಾಗಲಿ. ಇಬ್ಬರು ನಾಯಕರು ಒಬ್ಬೊಬ್ಬರನ್ನೇ ಹೆಸರು ಕೂಗಿ ಆರಿಸಿಕೊಳ್ಳುವ ಪದ್ಧತಿಯನ್ನು ಈ ವಯಸ್ಸಿನಲ್ಲಿ ತಂದೇ ತರಬೇಡಿ. ಯಾರಿಗೂ ಬೇಡವಾಗಿ ಕೊನೆಗೆ ಉಳಿದ ಮಗು ಆ ಪೀರಿಯಡ್‌ನಲ್ಲಿ ಕಲಿಯುವುದು ಅದೊಂದನ್ನೇ. ಇನ್ನೊಂದು ಸಣ್ಣ ವಿಷಯ: ಹೇಳಬೇಕಾದ್ದನ್ನು ಚೆಂಡು ಕೊಡುವ ಮೊದಲೇ ಹೇಳಿ ಮುಗಿಸಿ. ಚೆಂಡು ಕೈಗೆ ಬಂದ ಮೇಲೆ ಕಿವಿ ಕೇಳುವುದಿಲ್ಲ. ಮಾತು ಅರ್ಧ ನಿಮಿಷ ಮೀರದಿರಲಿ, ಮಾಡಿ ತೋರಿಸಿ. ಬಿಸಿಲು ನಿಮ್ಮ ಮುಖಕ್ಕೆ ಬೀಳುವಂತೆ ನಿಲ್ಲಿ, ಮಕ್ಕಳ ಕಣ್ಣಿಗೆ ಬೀಳುವಂತೆ ಅಲ್ಲ.

ಇನ್ನು ಎಸೆತ. ಇದನ್ನು ಸ್ವಲ್ಪ ವಿವರವಾಗಿ ನೋಡೋಣ, ಏಕೆಂದರೆ ಅತಿ ಹೆಚ್ಚು ಕೆಡುವುದು ಇಲ್ಲಿ. ಕಲಿಯದ ಮಗು ಗುರಿಗೆ ಎದುರಾಗಿ ನಿಂತು, ಪಾದ ಕದಲಿಸದೆ, ಮೊಣಕೈಯಿಂದ ಚೆಂಡನ್ನು ಮುಂದಕ್ಕೆ ತಳ್ಳುತ್ತದೆ. ಸ್ವಲ್ಪ ಮುಂದುವರಿದ ಮಗು ಹೆಜ್ಜೆ ಇಡುತ್ತದೆ, ಆದರೆ ಎಸೆಯುವ ಕೈಯ ಕಡೆಯ ಕಾಲನ್ನೇ ಇಡುತ್ತದೆ. ಹಾಗಾದಾಗ ಸೊಂಟ ತಿರುಗುವುದಿಲ್ಲ, ಬಲವೆಲ್ಲ ತೋಳಿನಿಂದಲೇ ಬರಬೇಕು. ಸರಿಯಾದ ಎಸೆತಕ್ಕೆ ನಾಲ್ಕು ಮಾತು: ಪಕ್ಕಕ್ಕೆ ತಿರುಗು, ಕೈ ಹಿಂದೆ, ಹೆಜ್ಜೆ ಇಡು, ಎಸೆ. ಬಲಗೈಯವರು ಎಡಗಾಲು ಮುಂದಿಡಬೇಕು. 'ವಿರುದ್ಧ ಕಾಲು' ಎಂದರೆ ಆರು ವರ್ಷದವರಿಗೆ ತಿಳಿಯುವುದಿಲ್ಲ. ಆ ಕಾಲಿಗೆ ಒಂದು ರಿಬ್ಬನ್ ಕಟ್ಟಿ, 'ರಿಬ್ಬನ್ ಕಾಲು ಮುಂದೆ' ಎನ್ನಿ. ಎಡಗೈಯವರಿಗೆ ರಿಬ್ಬನ್ ಬಲಗಾಲಿಗೆ ಎಂಬುದನ್ನು ಕಟ್ಟುವಾಗಲೇ ನೋಡಿಕೊಳ್ಳಿ. ನಾಲ್ಕು ಮಾತನ್ನೂ ಒಂದೇ ದಿನ ತಿದ್ದಬಾರದು. ಮೊದಲ ಪೀರಿಯಡ್‌ನಲ್ಲಿ ಪಕ್ಕಕ್ಕೆ ತಿರುಗುವುದು, ಎರಡನೆಯದರಲ್ಲಿ ಹೆಜ್ಜೆ.

ಇಲ್ಲಿ ಶಿಕ್ಷಕರೇ ಮಾಡುವ ದೊಡ್ಡ ತಪ್ಪೆಂದರೆ ಹತ್ತಿರದಲ್ಲಿ ಸಣ್ಣ ಗುರಿ ಇಡುವುದು. ಎರಡು ಮೀಟರ್ ದೂರದ ಬುಟ್ಟಿಗೆ ಹಾಕು ಎಂದರೆ ಮಗು ಜಾಣತನದಿಂದಲೇ ಚೆಂಡನ್ನು ಮೆಲ್ಲಗೆ ತಳ್ಳುತ್ತದೆ. ಅಷ್ಟು ಹತ್ತಿರಕ್ಕೆ ಪೂರ್ತಿ ಎಸೆತ ಬೇಕಾಗಿಯೇ ಇಲ್ಲ. ದೊಡ್ಡ ಗೋಡೆಯಿಂದ 5–6 ಮೀಟರ್ ದೂರ ನಿಲ್ಲಿಸಿ, 'ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ' ಎನ್ನಿ. ಜೋರು ಬೇಕೆಂದಾಗ ಮೈ ತಾನಾಗಿ ತಿರುಗುತ್ತದೆ, ಕಾಲು ಮುಂದೆ ಬರುತ್ತದೆ. ಗುರಿ ಆಮೇಲೆ, 6ನೇ ವಾರದಲ್ಲಿ. ಚೆಂಡು ಒಂದು ಕೈಗೆ ಹಿಡಿಸುವಂತಿರಬೇಕು. ದೊಡ್ಡ ಚೆಂಡು ಕೊಟ್ಟರೆ ಮಗು ಎರಡು ಕೈಯಲ್ಲಿ ಎಸೆಯುತ್ತದೆ, ಅದು ಬೇರೆಯೇ ಎಸೆತ. ಟೆನಿಸ್ ಚೆಂಡು ಎಲ್ಲರಿಗೂ ಸಾಲದಿದ್ದರೆ ಹಳೆ ಪತ್ರಿಕೆಯ ಎರಡು ಹಾಳೆ ಮುದುಡಿ ಸುತ್ತಲೂ ಟೇಪ್ ಹಾಕಿ. ಉರುಳಿಹೋಗುವುದಿಲ್ಲ, ತಗುಲಿದರೆ ನೋಯುವುದಿಲ್ಲ.

ಸರದಿಯ ಲೆಕ್ಕ ಇಲ್ಲಿಯೇ ಹಾಕಿ ನೋಡಿ. ಎಸೆದು, ಓಡಿಹೋಗಿ ತಂದು, ಮತ್ತೆ ಗೆರೆಗೆ ಬರಲು ಸುಮಾರು 20 ಸೆಕೆಂಡ್. ಪ್ರತಿ ಮಗುವಿಗೂ ಒಂದು ಚೆಂಡಿದ್ದರೆ ಹತ್ತು ನಿಮಿಷಕ್ಕೆ 30 ಎಸೆತ. ಆರು ಮಕ್ಕಳ ಸಾಲಿಗೆ ಒಂದೇ ಚೆಂಡಾದರೆ ಅದೇ ಹತ್ತು ನಿಮಿಷಕ್ಕೆ 5. ಸಾಮಾನು ಕೊಳ್ಳುವ ದುಡ್ಡು ಕಡಿಮೆ ಇದ್ದರೆ ದುಬಾರಿಯ ಆರು ಚೆಂಡಿಗಿಂತ ಅಗ್ಗದ ಮೂವತ್ತು ಚೆಂಡು ಮೇಲು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಒಂದು ನಿಯಮ ಮಾತ್ರ ಕಡ್ಡಾಯ: ಎಲ್ಲರೂ ಒಂದೇ ದಿಕ್ಕಿಗೆ ಎಸೆಯಬೇಕು, ಎಲ್ಲರೂ ಎಸೆದಾದ ಮೇಲೆ ಸೀಟಿ ಊದಿದಾಗಲಷ್ಟೇ ತರಲು ಹೋಗಬೇಕು.

ಹಿಡಿಯುವುದರಲ್ಲಿ ಅಡ್ಡಿ ಕೈಯದಲ್ಲ, ಹೆದರಿಕೆಯದು. ಚೆಂಡು ಬರುತ್ತಿದ್ದಂತೆ ಮಗು ಮುಖ ತಿರುಗಿಸಿ ಕಣ್ಣು ಮುಚ್ಚಿದರೆ, ತೋಳು ನೆಟ್ಟಗೆ ಸೆಟೆದರೆ, ಅದಕ್ಕೆ ಒಮ್ಮೆ ಏಟು ಬಿದ್ದಿರಬಹುದು, ಅಥವಾ ಚೆಂಡು ಅದರ ಮಟ್ಟಕ್ಕೆ ತೀರಾ ವೇಗವಾಗಿದೆ. 'ಚೆಂಡು ನೋಡು' ಎಂದು ಕೂಗಿದರೆ ಹೆದರಿಕೆ ಹೋಗದು. ನಿಧಾನ ಬೀಳುವುದರಿಂದ ಶುರು ಮಾಡಿ: ಬಲೂನ್, ತೆಳು ಬಟ್ಟೆಯ ತುಂಡು. ಆಮೇಲೆ ಸುಮಾರು 20 ಸೆಂಟಿಮೀಟರ್ ಅಡ್ಡಳತೆಯ ಮೆತ್ತನೆ ಚೆಂಡು, ಗಾಳಿ ಸ್ವಲ್ಪ ಕಡಿಮೆ. ತಾನೇ ನೆಲಕ್ಕೆ ಪುಟಿಸಿ ಹಿಡಿಯುವುದು, ನಂತರ ತಾನೇ ಮೇಲಕ್ಕೆಸೆದು ಹಿಡಿಯುವುದು. ಜೋಡಿಯಲ್ಲಿ ಎಸೆದು ಹಿಡಿಯುವುದನ್ನು 4ನೇ ವಾರಕ್ಕೆ ತರಲೇಬೇಡಿ. ಎದುರಿನವನ ಎಸೆತವೇ ಅಡ್ಡಾದಿಡ್ಡಿಯಾಗಿರುವಾಗ ಹಿಡಿಯುವವನು ಕಲಿಯುವುದೇನನ್ನು? 8ನೇ ವಾರದಲ್ಲಿ ಎರಡು ಮೀಟರ್ ದೂರದಿಂದ, ಕೆಳಗೈಯಲ್ಲಿ, ಒಂದು ಪುಟಿತ ಕೊಟ್ಟು ಶುರು ಮಾಡಬಹುದು. ಕೈ ಚಾಚಿ ಬೆರಳಲ್ಲಿ ಹಿಡಿದು, ಆಮೇಲೆ ಎದೆಗೆ ಎಳೆದುಕೊಳ್ಳಬೇಕು. ಚೆಂಡು ಹಿನ್ನೆಲೆಯಿಂದ ಎದ್ದು ಕಾಣುವ ಬಣ್ಣದ್ದಿರಲಿ, ಬಿಳಿ ಗೋಡೆಯ ಮುಂದೆ ಬಿಳಿ ಚೆಂಡು ಎಷ್ಟೋ ಮಕ್ಕಳಿಗೆ ಕಾಣುವುದೇ ತಡ.

ಜಿಗಿತದಲ್ಲಿ ಕಲಿಸಬೇಕಾದದ್ದು ಎತ್ತರವಲ್ಲ, ಇಳಿಯುವುದು. ಎರಡೂ ಪಾದ ಒಟ್ಟಿಗೆ, ಮೊಣಕಾಲು ಬಾಗಿ, ಸದ್ದಾಗದಂತೆ. 'ಸದ್ದಿಲ್ಲದೆ ಇಳಿ' ಎಂಬ ಒಂದೇ ಮಾತು ಮೊಣಕಾಲನ್ನು ತಾನಾಗಿ ಬಾಗಿಸುತ್ತದೆ. ಎತ್ತರದಿಂದ ಧುಮುಕಿಸುವುದಾದರೆ ಮಗುವಿನ ಮೊಣಕಾಲಿಗಿಂತ ಎತ್ತರ ಬೇಡ, ಕಾಂಕ್ರೀಟ್ ನೆಲವಾದರೆ ಅದೂ ಬೇಡ. ತಲೆಕೆಳಗಾಗಿ ಉರುಳುವ ಲಾಗವನ್ನು ಹಾಸಿಗೆ ಇಲ್ಲದೆ, ಅದನ್ನು ಕಲಿಸಲು ತರಬೇತಿ ಇಲ್ಲದೆ ಯೋಜನೆಗೆ ಸೇರಿಸಬಾರದು, ಕುತ್ತಿಗೆಯ ವಿಷಯ ಅದು. 7ನೇ ವಾರ ಹಗ್ಗ ಬರಲಿ. ಹಗ್ಗದ ನಡುಭಾಗವನ್ನು ಒಂದು ಪಾದದಲ್ಲಿ ತುಳಿದು ನಿಂತಾಗ ಎರಡು ತುದಿ ಕಂಕುಳವರೆಗೆ ಬರಬೇಕು. ಹೆಚ್ಚು ಉದ್ದವಾದರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೊದಲು ನೆಲದ ಮೇಲಿಟ್ಟ ಹಗ್ಗ ದಾಟುವುದು, ನಂತರ ಎರಡು ತುದಿಯನ್ನೂ ಒಂದೇ ಕೈಯಲ್ಲಿ ಹಿಡಿದು ಪಕ್ಕದಲ್ಲಿ ಬೀಸುತ್ತಾ ನೆಲ ಮುಟ್ಟಿದಾಗಲೆಲ್ಲ ಜಿಗಿಯುವುದು, ಕೊನೆಗೆ ತಲೆಯ ಮೇಲಿಂದ ತಂದು, ಪಾದದ ಮುಂದೆ ನಿಲ್ಲಿಸಿ, ದಾಟುವುದು. ಎರಡನೆಯ ಹಂತ ಬಿಟ್ಟರೆ ತಾಳ ಸಿಗುವುದಿಲ್ಲ.

ಒದೆಯುವುದಕ್ಕೆ ನಿಂತ ಚೆಂಡು, ಗಾಳಿ ಕಡಿಮೆ ಇರಲಿ. ಪೂರ್ತಿ ಗಾಳಿಯ ಚೆಂಡು ಮೈದಾನದಾಚೆ ಓಡುತ್ತದೆ, ಅದರ ಹಿಂದೆ ಓಡುವುದರಲ್ಲೇ ಪೀರಿಯಡ್ ಮುಗಿಯುತ್ತದೆ. ಒದೆಯದ ಕಾಲು ಚೆಂಡಿನ ಪಕ್ಕ ಬಂದು ಊರಬೇಕು, ತಗುಲಬೇಕಾದದ್ದು ಲೇಸ್ ಕಟ್ಟಿದ ಜಾಗ, ಬೆರಳ ತುದಿಯಲ್ಲ.

ಕೌಶಲದ ಹತ್ತು ನಿಮಿಷದ ನಂತರ ಹತ್ತು-ಹನ್ನೆರಡು ನಿಮಿಷ ಆಟ, ಅದೇ ಕೌಶಲ ಬಳಕೆಯಾಗುವ ಆಟ. 'ಔಟ್ ಆದವರು ಕೂರಿ' ಎಂಬ ಆಟಗಳನ್ನು ತೆಗೆದುಹಾಕಿ. ಮೊದಲು ಔಟಾಗುವುದು ನಿಧಾನದ ಮಗು, ಹೆಚ್ಚು ಹೊತ್ತು ಕೂರುವುದೂ ಅದೇ, ಅಭ್ಯಾಸ ಹೆಚ್ಚು ಬೇಕಿರುವುದೂ ಅದಕ್ಕೇ. ಮುಟ್ಟಿಸಿಕೊಂಡವರು ಅಲ್ಲೇ ಒಂಟಿಗಾಲಲ್ಲಿ ಹತ್ತು ಎಣಿಸಿ ಮತ್ತೆ ಆಟಕ್ಕೆ ಬರಲಿ. ಅಟ್ಟಿಸಿಕೊಂಡು ಓಡುವ ಆಟವನ್ನು 30–40 ಸೆಕೆಂಡಿಗೆ ನಿಲ್ಲಿಸಿ, ಹಿಡಿಯುವವರನ್ನು ಬದಲಿಸಿ. ಈ ವಯಸ್ಸಿನವರು ಬೇಗ ದಣಿಯುತ್ತಾರೆ, ಅಷ್ಟೇ ಬೇಗ ಚೇತರಿಸಿಕೊಳ್ಳುತ್ತಾರೆ. ರಿಲೇ ಬೇಕೇ ಬೇಕೆಂದರೆ ಸಾಲಿಗೆ ಮೂವರು, ಹೆಚ್ಚಲ್ಲ.

ಒಂದೇ ತರಗತಿಯಲ್ಲಿ ಮಕ್ಕಳ ಮಟ್ಟ ಬೇರೆ ಬೇರೆ ಇರುತ್ತದೆ. ಗುರಿಯಿಂದ 3, 5, 7 ಮೀಟರ್‌ಗೆ ಮೂರು ಗೆರೆ ಎಳೆದು ಯಾವುದರಿಂದ ಎಸೆಯುವುದು ಎಂಬುದನ್ನು ಮಗುವೇ ಆರಿಸಿಕೊಳ್ಳಲಿ. ಹೆಚ್ಚಿನವರು ತಮ್ಮ ಮಟ್ಟಕ್ಕೆ ಸರಿಯಾಗಿಯೇ ಆರಿಸುತ್ತಾರೆ. ಅಂಗವಿಕಲ ಮಗುವಿದ್ದರೆ ಸ್ಕೋರ್ ಬರೆಯಲು ಕೂರಿಸಬೇಡಿ. ಜಾಗ, ಕೆಲಸ, ಸಾಮಾನು, ಜೊತೆಗಾರ, ಈ ನಾಲ್ಕರಲ್ಲಿ ಒಂದನ್ನು ಬದಲಿಸಿದರೆ ಬಹುಪಾಲು ದಾರಿ ಸಿಗುತ್ತದೆ. ಕಣ್ಣು ಮಂದವಿದ್ದರೆ ಚೆಂಡಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಸರಪರ ಸದ್ದು ದಾರಿ ತೋರಿಸುತ್ತದೆ. ಉಬ್ಬಸ ಇರುವ ಮಗುವಿನ ಇನ್‌ಹೇಲರ್ ಮೈದಾನದಲ್ಲೇ ಇರಬೇಕು, ಆಫೀಸಿನ ಬೀರುವಿನಲ್ಲಲ್ಲ.

ಎಷ್ಟು ಮೀಟರ್ ಎಸೆಯಿತು ಎಂದು ಅಳೆದು ಅಂಕ ಕೊಡಬೇಡಿ, ಎತ್ತರದ ಮಗು ದೂರ ಎಸೆದೇ ಎಸೆಯುತ್ತದೆ. ಮೈಯ ಚಲನೆ ನೋಡಿ: ಪಕ್ಕಕ್ಕೆ ತಿರುಗಿತೇ, ಹೆಜ್ಜೆ ಇಟ್ಟಿತೇ, ಕೈ ಹಿಂದೆ ಹೋಯಿತೇ. ಹೌದು ಅಥವಾ ಇಲ್ಲ, ಅಷ್ಟೇ. 30 ಮಕ್ಕಳನ್ನೂ ಒಂದೇ ದಿನ ನೋಡಲು ಹೋದರೆ ಯಾರನ್ನೂ ಸರಿಯಾಗಿ ನೋಡಿದಂತಾಗುವುದಿಲ್ಲ. ಒಂದು ಕೌಶಲಕ್ಕೆ ನಾಲ್ಕು ಪೀರಿಯಡ್ ಇದೆ, ಪೀರಿಯಡ್‌ಗೆ ಎಂಟು ಮಕ್ಕಳನ್ನು ನೋಡಿದರೆ ಎಲ್ಲರೂ ಮುಗಿಯುತ್ತಾರೆ. ಮೊದಲ ಸುತ್ತಿನಲ್ಲಿ ನೋಡಿದವರಲ್ಲಿ 'ಇಲ್ಲ' ಬಂದವರನ್ನು ಎರಡನೇ ಸುತ್ತಿನಲ್ಲಿ ಮತ್ತೊಮ್ಮೆ ನೋಡಿ.

ಮಳೆಗೆ ಮೊದಲೇ ನಾಲ್ಕು ಪಾಠ ಬರೆದಿಟ್ಟುಕೊಳ್ಳಿ, ಕೋಣೆಯೊಳಗೆ ಆಗುವಂಥವು. ಮೇಜುಗಳ ನಡುವೆ ನಿಂತಲ್ಲೇ ಒಂಟಿಗಾಲ ಸಮತೋಲ, ಕಣ್ಣು ತೆರೆದು 10 ಸೆಕೆಂಡ್, ಆಮೇಲೆ ಮುಚ್ಚಿ. ಬಲೂನನ್ನು ಕೂತಲ್ಲಿಂದಲೇ ಬೀಳದಂತೆ ತಟ್ಟುವುದು. ಮುದುಡಿದ ಕಾಗದದ ಚೆಂಡನ್ನು ಮೇಲಕ್ಕೆಸೆದು, ಒಂದು ಚಪ್ಪಾಳೆ ಹೊಡೆದು ಹಿಡಿಯುವುದು, ಬಂದರೆ ಎರಡು ಚಪ್ಪಾಳೆ. ಓಟ ಮಾತ್ರ ಬೇಡ: ನೆಲ ಒದ್ದೆ, ಜಾರಿ ಬಿದ್ದರೆ ಮೇಜಿನ ಮೂಲೆ ಮುಖಕ್ಕೆ ತಗುಲಬಹುದು.