ತುಳು ನಾಟಕಕ್ಕೆ ಕನ್ನಡ ಸಬ್‌ಟೈಟಲ್: ‘ನಮ’ಕ್ಕೂ ನಾವು, ‘ಎಂಕುಲು’ಗೂ ನಾವು?

ತುಳುವಿನಲ್ಲಿ ‘ನಮ’ ಎಂದರೆ ಕೇಳುತ್ತಿರುವವರನ್ನೂ ಸೇರಿಸಿಕೊಂಡ ನಾವು. ‘ಎಂಕುಲು’ ಎಂದರೆ ಅವರನ್ನು ಬಿಟ್ಟ ನಾವು. ಕನ್ನಡದಲ್ಲಿ ಎರಡೂ ‘ನಾವು’. ಮಂಗಳೂರಿನ ಪುರಭವನದಲ್ಲಿ ಆಡುವ ತುಳು ನಾಟಕಕ್ಕೆ, ಪರದೆಯ ಮೇಲೆ ಸ್ಲೈಡುಗಳಾಗಿ ತೋರಿಸುವ ಕನ್ನಡ ಸಬ್‌ಟೈಟಲ್ ಬರೆಯಲು ಕೂತರೆ ಮೊದಲು ಕೈ ತಡೆಯುವುದು ಇಲ್ಲೇ. ‘ನಾವೂ ನೀವೂ’, ‘ನಮ್ಮ ಮನೆಯವರು’ ಎಂದು ಬಿಡಿಸಿಯೇ ಬರೆಯಿರಿ. ಯಾರು ಒಳಗಿನವರು, ಯಾರು ಹೊರಗಿನವರು ಎಂಬುದರ ಮೇಲೇ ನಾಟಕ ನಿಂತಿರುವಾಗ ಎರಡು ಪದ ಹೆಚ್ಚಾದರೆ ನಷ್ಟವಿಲ್ಲ.

ಕೆನಡಾದಲ್ಲಿ, ಫ್ರೆಂಚ್ ಮಾತಾಡುವವರೇ ಹೆಚ್ಚಿರುವ ಕ್ವಿಬೆಕ್ ಪ್ರಾಂತ್ಯದ ಹೊರಗಿರುವ ಫ್ರೆಂಚ್ ಭಾಷಿಕರ ರಂಗಭೂಮಿಗೂ ಸಬ್‌ಟೈಟಲಿನಲ್ಲಿ ಇಂಥದೇ ತೊಡಕು. ಮ್ಯಾನಿಟೋಬಾ ಪ್ರಾಂತ್ಯದಲ್ಲಿ 1916ರಲ್ಲಿ, ಫ್ರೆಂಚನ್ನೂ ಕಲಿಸುತ್ತಿದ್ದ ದ್ವಿಭಾಷಾ ಶಾಲೆಗಳು ರದ್ದಾದವು. ಆದರೂ ಅಲ್ಲಿನ ಸೇಂಟ್ ಬೋನಿಫೇಸ್‌ನಲ್ಲಿ 1925ರಲ್ಲಿ ಹುಟ್ಟಿದ ‘ಸರ್ಕ್ಲ್ ಮೊಲಿಯೇರ್’ ತಂಡ ಇಂದಿಗೂ ಫ್ರೆಂಚಿನಲ್ಲೇ ನಾಟಕ ಆಡುತ್ತಿದೆ. ಒಂಟಾರಿಯೊ ಪ್ರಾಂತ್ಯದ ಗಣಿ ಊರು ಸಡ್‌ಬರಿಯಲ್ಲಿ 1971ರ ಹೊತ್ತಿಗೆ ಯುವಕರು ತಮ್ಮ ಆಡುಮಾತಿನ ಫ್ರೆಂಚನ್ನೇ ವೇದಿಕೆಗೆ ತಂದರು. ಇಂಗ್ಲಿಷ್ ಬೆರೆತ ಅಂಥ ಮಾತಿಗೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿದರೆ, ಪಾತ್ರ ಯಾವ ಗಳಿಗೆಯಲ್ಲಿ ಭಾಷೆ ಬದಲಿಸಿತು ಎಂಬುದೇ ಅಳಿಸಿಹೋಗುತ್ತದೆ. ನಮ್ಮಲ್ಲೂ ಹಾಗೆ: ತುಳು ಮನೆಗೆ ಬಂದ ತಹಶೀಲ್ದಾರ ಕನ್ನಡದಲ್ಲಿ ಗದರುವಾಗ ಪರದೆಯೂ ಕನ್ನಡದಲ್ಲಿದ್ದರೆ ಆ ಗದರಿಕೆಯ ತೂಕ ಗೊತ್ತಾಗದು. ಅವನ ಮಾತಿಗೆ ಪರದೆ ಖಾಲಿ ಬಿಡಿ. ಓದುತ್ತಿದ್ದ ಕಣ್ಣು ತಾನಾಗಿ ನಟನತ್ತ ಇಳಿಯುತ್ತದೆ.

ಒಂದು ಸ್ಲೈಡಿಗೆ ಎರಡೇ ಸಾಲು, ಸಾಲಿಗೆ ನಾಲ್ಕೈದು ಪದ. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಇಡದಿದ್ದರೆ ಮೇಲಿನ ಒತ್ತಕ್ಷರ ಕೆಳಗಿನ ಗುಡಿಸಿಗೆ ತಾಗುತ್ತದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಬರೀ ಗೀಚು. ಯೂನಿಕೋಡಿನಲ್ಲಿ ಬರೆದು, ಸ್ಲೈಡುಗಳನ್ನು ಚಿತ್ರ ಮಾಡಿಟ್ಟುಕೊಳ್ಳಿ. ಹಿನ್ನೆಲೆ ಕಪ್ಪು, ಅಕ್ಷರ ತುಸು ಬೂದು ಬಿಳಿ. ಆದರೆ ಪ್ರೊಜೆಕ್ಟರಿನ ಕಪ್ಪು ಪೂರ್ತಿ ಕಪ್ಪಲ್ಲ, ಲೈಟ್ ಆರಿದಾಗ ವೇದಿಕೆಯ ಮೇಲೆ ಮಂಕು ಬೆಳಕಿನ ಚೌಕ ಉಳಿಯುತ್ತದೆ. ಲೆನ್ಸಿಗೆ ಅಡ್ಡ ಹಿಡಿಯಲು ಒಂದು ರಟ್ಟು ಪಕ್ಕದಲ್ಲಿರಲಿ.

ಹಾಸ್ಯದ ಮಾತನ್ನು ಯಾವತ್ತೂ ಒಂದೇ ಸ್ಲೈಡಿನಲ್ಲಿ ಹಾಕಬೇಡಿ. ನಟ ಬಾಯಿ ತೆರೆಯುವ ಮೊದಲೇ ಓದಿದವರು ನಕ್ಕುಬಿಡುತ್ತಾರೆ, ಆ ಗದ್ದಲದಲ್ಲಿ ಅವನ ಮಾತು ಮುಳುಗುತ್ತದೆ. ನಗು ತರುವ ಪದವನ್ನು ಮುಂದಿನ ಸ್ಲೈಡಿಗೆ ದೂಡಿ.

ಸ್ಲೈಡ್ ಒತ್ತುವವರಿಗೆ ತುಳು ಬರಲೇಬೇಕು, ಕೊನೆಯ ಮೂರು ರಿಹರ್ಸಲ್‌ಗಾದರೂ ಕೂರಲೇಬೇಕು. ತುಳು ನಟರು ವೇದಿಕೆಯಲ್ಲೇ ಮಾತು ಕಟ್ಟುತ್ತಾರೆ, ಅದು ಈ ರಂಗಭೂಮಿಯ ಬಲ. ಆಗ ಸ್ಲೈಡ್ ಹುಡುಕುತ್ತಾ ತಡಕಾಡಬೇಡಿ, ಪರದೆ ಕಪ್ಪು ಮಾಡಿ ಕಾಯಿರಿ. ಸ್ಕ್ರಿಪ್ಟಿನ ಅಂಚಿನಲ್ಲಿ ಸ್ಲೈಡ್ ನಂಬರ್ ಬರೆದಿಟ್ಟಿದ್ದರೆ, ನಟ ಮೂಲ ಮಾತಿಗೆ ಮರಳಿದ ಕೂಡಲೇ ಪವರ್‌ಪಾಯಿಂಟಿನಲ್ಲಿ ಆ ನಂಬರ್ ಒತ್ತಿ ಎಂಟರ್ ಹೊಡೆದರೆ ಸಾಕು.